ನಾಲ್ಕನೇ ಕಲಮು

ಫಾರಮ್ಮಿನ ನಾಲ್ಕನೇ ಕಲಮು ಕೇಳುವುದು ಒಂದೇ:
ನೀರು ಮೇಲಿನಿಂದ ಬಂತೋ, ಕೆಳಗಿನಿಂದ ಬಂತೋ?
ಮೇಲಿನದಾದರೆ ವಿಮೆ ಕೊಡುತ್ತದೆ.
ಕೆಳಗಿನದಕ್ಕೆ ಬೇರೆ ಕಂತು ಕಟ್ಟಿರಬೇಕು.
ಕಟ್ಟಿದವರು ಕಡಿಮೆ.

ಇವತ್ತಿಗೆ ಇದು ಹನ್ನೊಂದನೇ ಮನೆ.
ಮೊಣಕಾಲುದ್ದ ಬೂಟು, ತೇವ ಅಳೆಯುವ ಮುಳ್ಳಿನ ಮೀಟರು,
ಮಾಂಟ್ರಿಯಲ್ಲಿನ ಈ ಇಟಾಲಿಯನ್ನರ ಬೀದಿಯುದ್ದಕ್ಕೂ
ಮನೆಗಳು ಹೊಟ್ಟೆಯೊಳಗಿನದನ್ನೆಲ್ಲ
ಫುಟ್‌ಪಾತಿಗೆ ಕಕ್ಕಿಕೊಂಡು ಕೂತಿವೆ:
ನೀರು ಕುಡಿದು ಉಬ್ಬಿದ ಸೋಫಾ,
ಪಿಂಗ್‌ಪಾಂಗ್ ಮೇಜು, ದ್ರಾಕ್ಷಿ ಹಿಂಡುವ ಯಂತ್ರ,
ಯಾರದೋ ಮದುವೆಯ ಏಳು ವಿಡಿಯೊ ಕ್ಯಾಸೆಟ್ಟು.

ಮೊನ್ನೆ ಎರಡೇ ಗಂಟೆಯಲ್ಲಿ ತಿಂಗಳ ಮಳೆ ಸುರಿಯಿತು.
ಹಳೇ ಊರು, ಒಂದೇ ಗಂಟಲು.
ಮುಗಿಲಿನದನ್ನೂ ಕಕ್ಕಸಿನದನ್ನೂ ಒಂದೇ ಗುಟುಕಿಗೆ ನುಂಗಿ ಅಭ್ಯಾಸ.
ತುಂಬಿದಾಗ ತೇಗುತ್ತದೆ,
ತೇಗಿದ್ದು ಅತ್ಯಂತ ತಗ್ಗಿನಲ್ಲಿರುವವರ ಜಾಲರಿಯಲ್ಲಿ ಏಳುತ್ತದೆ.

ಎರ್ಸೀಲಿಯಾ ಬಾಗಿಲು ತೆಗೆದಳು. ಹಿಂದೆ ತಂಗಿ ನುಂತ್ಸಿಯಾ.
ಮೇಲಿನ ಅಡುಗೆಮನೆ ನೋಡುವುದಕ್ಕೆ ಮಾತ್ರ,
ಒಲೆಯ ಮೇಲೆ ಕಸೂತಿಯ ಬಟ್ಟೆ.
ಬೇಯುವುದು, ಕರಿಯುವುದು, ಇಸ್ಪೀಟು, ಜಗಳ
ಎಲ್ಲ ನೆಲಮಾಳಿಗೆಯಲ್ಲಿ.
ಅಲ್ಲಿ ನೀರು ಹಿಮ್ಮಡಿ ತೋಯುವಷ್ಟು ನಿಂತಿತ್ತು,
ಅದರಲ್ಲಿ ಹೋದ ಶ್ರಾವಣದ, ಅಲ್ಲ, ಇವರ ಲೆಕ್ಕದಲ್ಲಿ ಆಗಸ್ಟಿನ,
ನೂರ ನಲವತ್ತು ಬಾಟಲಿ ಟೊಮೇಟೊ ಸಾರ.

“ವಾಲ್ವು ಹಾಕಿಸಿದ್ದೆವು,” ಎಂದಳು ಎರ್ಸೀಲಿಯಾ,
“ನೆಲ ಒಡೆಸಿ, ಮೂರು ಸಾವಿರ ಸುರಿದು.
ಊರ ಕೊಳಕು ನಮ್ಮ ಹೊಸಿಲು ದಾಟಬಾರದು ಅಂತ.”

ಬಗ್ಗಿ ಟಾರ್ಚು ಬಿಟ್ಟೆ.
ವಾಲ್ವು ಹಲ್ಲು ಕಚ್ಚಿಕೊಂಡೇ ಇತ್ತು.
ಊರಿನದೊಂದು ಹನಿಯೂ ಒಳಗೆ ಬಂದಿಲ್ಲ.
ಹಾಗಾದರೆ ಈ ನೀರು?

ಮೂಸಿದೆ. ಈ ಕಸುಬಿನಲ್ಲಿ ಮೂಗೇ ಮೊದಲ ಮೀಟರು.

ಲ್ಯಾವೆಂಡರ್.

ಅಕ್ಕ ತಂಗಿಯನ್ನು ನೋಡಿದಳು, ತಂಗಿ ಗೋಡೆಯನ್ನು.
“ಗುಡುಗಿದರೆ ನನಗೆ ಎದೆ ಹೊಡೆದುಕೊಳ್ಳುತ್ತೆ.
ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದೆ.”
“ಎಷ್ಟು ಸಲ ತುಂಬಿಸಿದೆ?”
“ಮೂರು.”
ಆಮೇಲೆ, ಮೆಲ್ಲಗೆ:
“ಬಟ್ಟೆ ಮಿಷನ್ನೂ ಹಾಕಿದ್ದೆ.”

ಹೊರಗಿನದು ಬಾರದ ಹಾಗೆ ಹಾಕಿದ ಕದ
ಒಳಗಿನದನ್ನೂ ಬಿಡುವುದಿಲ್ಲ.
ವಾಲ್ವಿಗೆ ತಿಳಿದಿರುವುದು ಅಷ್ಟೇ.

ಇಟಾಲಿಯನ್ ನನಗೆ ಬಾರದು.
ಆದರೆ ಹೈಟಿಯಲ್ಲಿ ನನಗೂ ಮೂವರು ಅಕ್ಕಂದಿರಿದ್ದರು,
ಆ ಕಾಲು ಗಂಟೆ ಏನೇನು ಹಾರಿತೋ
ಒಂದೂ ಬಿಡದೆ ಅರ್ಥವಾಯಿತು.

ನಡುವೆ ಬಾಯಿ ಹಾಕಿದೆ. ನಿಯಮ ಹೇಳಬೇಕಲ್ಲ:
“ಚರಂಡಿಯಿಂದ ಎದ್ದ ನೀರು ಮುಟ್ಟಿದ ಆಹಾರ
ಎಲ್ಲ ಎಸೆಯಬೇಕು, ಅಮ್ಮಾ. ಬಾಟಲಿಗಳೂ.”

ಎರ್ಸೀಲಿಯಾ ಗಕ್ಕನೆ ನನ್ನ ಕಡೆ ತಿರುಗಿದಳು.
“ಯಾವ ಚರಂಡಿ? ನನ್ನ ತಂಗಿ ಮಿಂದ ನೀರು ಅದು.
ಅವಳ ಮೈಯಲ್ಲಿ ಏನು ಕೊಳಕು ಕಂಡೆ ನೀನು?”

ನುಂತ್ಸಿಯಾ ಆಗಲೇ ಅಳಲು ಶುರುಮಾಡಿದ್ದು.

ನಾಲ್ಕನೇ ಕಲಮು.
ಮೇಲಿನ ಮಹಡಿಯಿಂದ ಇಳಿದದ್ದು ಹೌದು.
ಕೆಳಗಿನ ಜಾಲರಿಯಿಂದ ಏರಿದ್ದೂ ಹೌದು.
ಇರುವುದು ಎರಡು ಚೌಕ, ಒಂದು ಪೆನ್ನು.
‘ಮೇಲಿನಿಂದ’ ಎಂಬಲ್ಲಿ ಗೀಟು ಹಾಕಿದೆ.
ಕಚೇರಿಯಲ್ಲಿ ಯಾರಾದರೂ ಹೊಡೆದು ಹಾಕಬಹುದು.
ಹಾಕಲಿ. ನನ್ನ ಸಹಿಯ ಮೇಲೆ ಹಾಕಲಿ.

ಹೊರಡುವಾಗ ಒಂದು ಬಾಟಲಿ ಕೈಗೆ ತುರುಕಿದರು,
ಚೀಟಿ ತೊಳೆದುಹೋಗಿ ಬರೀ ಕೆಂಪು.
ತೆಗೆದುಕೊಳ್ಳುವುದು ನಿಯಮಕ್ಕೆ ವಿರುದ್ಧ.
‘ನಷ್ಟ: ಬಾಟಲಿ ನೂರ ಮೂವತ್ತೊಂಬತ್ತು,’ ಎಂದು ತಿದ್ದಿದೆ.

ನನ್ನದೂ ಅರ್ಧ ನೆಲದೊಳಗಿನ ಬಾಡಿಗೆ ಕೋಣೆ.
ಕಿಟಕಿಯಲ್ಲಿ ಜನರ ಚಪ್ಪಲಿ ಕಾಣುತ್ತದೆ, ಮುಖವಲ್ಲ.
ಆ ಬೇರೆ ಕಂತು ನಾನೂ ಕಟ್ಟಿಲ್ಲ.

ರಾತ್ರಿ ಮತ್ತೆ ಮಳೆ ಎನ್ನುತ್ತಿದೆ ರೇಡಿಯೊ.
ಬಚ್ಚಲ ಜಾಲರಿಯ ಮೇಲೆ ತಟ್ಟೆ ಕವುಚಿ
ಅದರ ಮೇಲೆ ಆ ಬಾಟಲಿ ಇಟ್ಟು ದೀಪ ಆರಿಸಿದೆ.

ಎಷ್ಟು ಹೊತ್ತಾಗಿತ್ತೋ.
ತಟ್ಟೆ ಸಣ್ಣಗೆ ಕಣಕಣ ಎಂದಿತು.

ಮೇಲಿನ ಮನೆಯವರು ಸ್ನಾನಕ್ಕೆ ಹೋಗಿರಬೇಕು.