ಒಂದೇ ಮನೆಗೆ ಎರಡು ಕಾಗದ

ಬಂದವನು ಇದ್ದದ್ದು ನಲವತ್ತೇ ನಿಮಿಷ.
ಬೂಟಿಗೆ ನೀಲಿ ಪ್ಲಾಸ್ಟಿಕ್ಕಿನ ಚೀಲ ತೊಟ್ಟು
ಗೋಡೆಯಿಂದ ಗೋಡೆಗೆ ಕೆಂಪು ಚುಕ್ಕೆ ಹಾಯಿಸಿ ಅಳೆದ.
ನೆಲಮಾಳಿಗೆಯಲ್ಲಿ ಮೂಗು ಮುರಿದ.
ಕಾಫಿ ಬೇಡವೆಂದ.
ಹತ್ತು ದಿನದ ಮೇಲೆ ಬ್ಯಾಂಕಿನಿಂದ ಬಂತು ಅಂಕಿ:
ಒಂದು ಲಕ್ಷದ ಅರವತ್ತೊಂದು ಸಾವಿರ ಡಾಲರು.
ಮಾತಾಗಿದ್ದದ್ದು ಎಂಬತ್ತನಾಲ್ಕಕ್ಕೆ.

ಏಜೆಂಟು ಲುವೆಲ್ಲಾ ಫೋನಿನಲ್ಲಿ ಮೆತ್ತಗೆ ಹೇಳಿದಳು,
ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತವಳ ಹಾಗೆ:
‘ಸಾಲ ಕೊಡುವವರು ಅವನ ತಕ್ಕಡಿಯನ್ನೇ ನಂಬುತ್ತಾರೆ, ಇಲ್ಕಾ.
ನೀವು ಇಳಿಯಬೇಕು, ಇಲ್ಲ ಆ ಹುಡುಗಿ ಕೈಯಿಂದ ತುಂಬಬೇಕು,
ಅದೂ ಇಲ್ಲದಿದ್ದರೆ ತಪ್ಪೆಲ್ಲಿದೆ ತೋರಿಸಿ ಕಾಗದ ಬರೆಯಬೇಕು.
ಇಬ್ಬರ ಸಹಿಯೂ ಬೇಕು.’

ಇಬ್ಬರೆಂದರೆ, ಡೆನೆಶ್ ಬರಬೇಕು.
ಮಾರ್ಚಿಯಿಂದ ಅವನು ಮೌಮೀ ನದಿಯಾಚೆ, ಬಾಡಿಗೆಯ ಕೋಣೆಯಲ್ಲಿ.
ನಮ್ಮ ಮಾತು ಈಗ ವಕೀಲರ ಮೂಲಕ;
ಗಂಟೆಗಿಷ್ಟು ಎಂದು ಅವರು ಎಣಿಸುವುದರಿಂದ
ಎಂದೂ ಇಲ್ಲದಷ್ಟು ಚುಟುಕು.

ಬಂದ. ತಾನೇ ಹಾಕಿಸಿದ ಕರೆಗಂಟೆ ಒತ್ತಿ ಹೊರಗೇ ನಿಂತ.

ಚಾವಣಿ ಹೊದಿಸಿದ ರಸೀದಿ ಹುಡುಕುವಾಗ
ಅಡುಗೆಮನೆಯ ಮೂರನೇ ಡ್ರಾಯರಿನಲ್ಲಿ,
ಬ್ಯಾಟರಿ, ಹುರಿ, ಯಾವ ಬೀಗದ್ದೋ ಕೀಲಿಗಳ ಕೆಳಗೆ
ಸಿಕ್ಕಿತು ಹನ್ನೊಂದು ವರ್ಷ ಹಳೆಯ ಹಾಳೆ.
ಅವನದೇ ಅಕ್ಷರ. ಕೌಂಟಿಯ ತೆರಿಗೆ ಕಚೇರಿಗೆ:

‘ಮಾನ್ಯರೇ, ನೀವು ಕಟ್ಟಿದ ಬೆಲೆ ಅತಿಯಾಯಿತು.
ರೈಲು ಹೋದಾಗ ಕಪಾಟಿನ ಬಟ್ಟಲು ಕುಣಿಯುತ್ತವೆ.
ಹಿಮ ಕರಗಿದರೆ ನೆಲಮಾಳಿಗೆ ಬೆವರುತ್ತದೆ.
ಮೇಲಿನ ಮೂರನೇ ಕೋಣೆ ಕೋಣೆಯೇ ಅಲ್ಲ,
ಕಿಟಕಿಯಿರುವ ಕಪಾಟು.’
ಕೆಳಗೆ ನನ್ನ ಸಹಿ, ಖುಷಿಗೆ ಉದ್ದ ಬಾಲ ಎಳೆದದ್ದು.
ಆ ವರ್ಷ ತೆರಿಗೆ ಇನ್ನೂರ ಹತ್ತು ಡಾಲರು ಇಳಿದು
ಈರಿ ಸರೋವರದ ದಂಡೆಯಲ್ಲಿ ಕೂತು
ಹುರಿದ ಮೀನು ತಿಂದಿದ್ದೆವು, ಕಳ್ಳರಿಬ್ಬರ ಹಾಗೆ ನಗುತ್ತ.

ಮೊನ್ನೆಯವನು ಬರೆದದ್ದೂ ಅದನ್ನೇ:
ತೇವ, ಸದ್ದು, ಕೋಣೆ ಎರಡು.
‘ನನ್ನ ಕಾಗದ ಕದ್ದಿದ್ದಾನೆ,’ ಎಂದ ಡೆನೆಶ್.
ನಕ್ಕ. ಆಮೇಲೆ ನಗಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ನಾವೋ ಇದು ಹೆಗ್ಗಣವೇ ಎಂದು ಸಹಿ ಹಾಕಿ ಕೊಟ್ಟವರು;
ಈಗ ಮುದ್ದಿಗೆ ಪುರಾವೆ ಹೊಂದಿಸಬೇಕು.

ಹೊರಟೆವು, ಅವನು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ.
ಹೋಲಿಕೆಗೆ ತೆಗೆದ ಮೂರು ಮನೆಗಳಲ್ಲಿ
ಒಂದು ಹಳಿಯಾಚೆ, ಒಂದು ಬ್ಯಾಂಕು ಹರಾಜು ಹಾಕಿದ್ದು,
ಒಂದಕ್ಕೆ ಬೆಂಕಿ ಬಿದ್ದ ಗುರುತು ಇನ್ನೂ ಮಾಸಿರಲಿಲ್ಲ.
ನಮ್ಮ ಬೀದಿಯಲ್ಲೇ ವಸಂತದಲ್ಲಿ ಮಾರಿದ ಪಿಂಟೇರ್ ಅವರ ಮನೆ
ಅವನ ಕಣ್ಣಿಗೇ ಬಿದ್ದಿರಲಿಲ್ಲ.
ವಿಳಾಸ ಬರೆದುಕೊಂಡೆ. ಡೆನೆಶ್ ಬೆನ್ನು ಬಾಗಿಸಿದ,
ಪುಸ್ತಕ ಇಡಲು. ಇಟ್ಟೆ.

ರಾತ್ರಿ ಮೇಜಿನ ಎದುರುಬದುರು:
ಅವನು ಹೇಳಿದ, ನಾನು ಬರೆದೆ.
ಹೊಸ ಬಾಯ್ಲರು. ತಾಮ್ರದ ಕೊಳವೆ.
ಕಿಟಕಿಗಳಿಗೆ ಜೋಡಿ ಗಾಜು, ಅವನ ಕಾರ್ಖಾನೆಯದೇ.
ಮೂರನೇ ಕೋಣೆ ಒಂಬತ್ತು ಅಡಿಗೆ ಹತ್ತು,
‘ಅಲ್ಲಿ ಬೆಳಕು...’ ಎಂದು ತಡೆದು,
‘ಬೇಡ. ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ.’
ಎಷ್ಟು ವರ್ಷದ ಮೇಲೆ ಕೇಳಿದೆ
ಅವನ ಬಾಯಲ್ಲಿ ಈ ಮನೆಯ ಬಗ್ಗೆ ಒಳ್ಳೆಯ ಮಾತು!
ನಡುವೆ ರೈಲು ಬಂತು. ಇಬ್ಬರ ಕೈಯೂ
ತಾನಾಗಿ ಎದ್ದು ಕಪಾಟಿನ ಕದ ಹಿಡಿಯಿತು.

ಅಂಕಿ ಏರಿತು, ಒಂಬತ್ತು ಸಾವಿರ. ಅಷ್ಟೇ.
ಉಳಿದ ಹದಿನಾಲ್ಕರಲ್ಲಿ ಐದು ಆ ಹುಡುಗಿಯದು,
ರಾತ್ರಿಪಾಳಿಯ ನರ್ಸು, ಟಾಮಿಕಾ;
ಒಂಬತ್ತು ನಮ್ಮದು. ತಲಾ ನಾಲ್ಕೂವರೆ.
ಹದಿನೇಳು ವರ್ಷದಲ್ಲಿ ನಾವು ತಕರಾರಿಲ್ಲದೆ
ಸಮಪಾಲು ಮಾಡಿಕೊಂಡದ್ದು ಇದೊಂದೇ, ನಷ್ಟ.

ಕೀಲಿ ಕೊಡುವ ದಿನ ಮನೆಯೆಲ್ಲ ಗುಡಿಸಿದೆ.
ಮೂರನೇ ಡ್ರಾಯರು ಖಾಲಿ ಮಾಡಿದೆ, ಹಳೆಯ ಹಾಳೆಯೊಂದನ್ನು ಬಿಟ್ಟು.
ಬರುವ ವರ್ಷ ತೆರಿಗೆಯ ಕಾಗದ ಬಂದಾಗ
ಅವಳಿಗೆ ಬೇಕಾದೀತು.