ಯಾವ ಕಾಲು

ಹೋದ ವರ್ಷ ಕದನೂರು ಏರಿನ ಮೋರಿಯ ಮೇಲೆ
ನಾನು ಕೂತುಬಿಟ್ಟೆ.
ಕಾಲು ಉಳುಕಿದೆ ಅಂದೆ.
ಉಳುಕಿರಲಿಲ್ಲ.

ಹಿಂದೆ ಬರುತ್ತಿದ್ದ ಜೀಪಿನವರು ಎತ್ತಿ ಕೂರಿಸಿದರು.
ಮಂದಪ್ಪ ಸರ್ ತಮ್ಮ ಕರ್ಚೀಫು ನೆನೆಸಿ ಕಟ್ಟಿದರು.
ಎನ್‌ಸಿಸಿ ಹುಡುಗನೊಬ್ಬ ಕಿತ್ತಳೆ ಸುಲಿದು ಕೊಟ್ಟ.
ಅಷ್ಟು ಸಿಹಿ ಕಿತ್ತಳೆ ನಾನು ಮತ್ತೆ ತಿಂದಿಲ್ಲ.

ಸುಳ್ಳು ಹೇಳುವುದು ಒಂದು ಗಳಿಗೆಯ ಕೆಲಸ,
ಕುಂಟುವುದು ನಾಲ್ಕು ದಿನದ್ದು.
ಲೈನ್ ಮನೆಯಿಂದ ನಲ್ಲಿಗೆ ಕುಂಟುತ್ತ,
ನಲ್ಲಿಯಿಂದ ಕೊಡ ಹೊತ್ತು ಕುಂಟುತ್ತ
(ನೀರು ಸ್ವಲ್ಪ ಚೆಲ್ಲಬೇಕು, ಇಲ್ಲದಿದ್ದರೆ ನಂಬುವುದಿಲ್ಲ).
ರಾತ್ರಿ ಅವ್ವ, ಕಾಫಿ ಕುಯ್ದು ಕಪ್ಪಾದ ಬೆರಳಲ್ಲಿ
ಬೆಚ್ಚಗಿನ ಎಣ್ಣೆ ತಿಕ್ಕುವಳು.
ಮೂರನೆಯ ರಾತ್ರಿ ನಾನು ಚಾಚಿದ ಕಾಲು ನೋಡಿ
ಅವಳ ಕೈ ಅರೆಗಳಿಗೆ ನಿಂತಿತು.
'ನಿನ್ನೆ ಎಡಗಾಲಲ್ವಾ?'
ನಾನು ಗೋಡೆ ನೋಡಿದೆ.
ಅವಳು ಮತ್ತೇನೂ ಕೇಳದೆ
ಬಲಗಾಲಿಗೂ ಅಷ್ಟೇ ಎಣ್ಣೆ ಹಾಕಿದಳು.

ಆಮೇಲೆ ಒಂದು ವರ್ಷ.
ಆನೆ ಇಳಿದಿದೆ ಅಂತ ತೋಟದ ದಾರಿ ಮುಚ್ಚಿದ ವಾರಗಳಲ್ಲಿ
ಕಾಫಿ ಒಣಗಿಸುವ ಕಣದಲ್ಲೇ ಸುತ್ತಿದೆ,
ದಿನಕ್ಕೆ ನೂರೈವತ್ತು ಸುತ್ತು, ರೈಟರು ಬೈಯುತ್ತಿದ್ದರು.

ಮತ್ತೆ ಮೂರ್ನಾಡು, ಬೆಳಿಗ್ಗೆ ಆರೂವರೆ,
ಚೆಸ್ಟ್ ನಂಬರ್ ನಲವತ್ತೇಳು. ಪಿನ್ನು ಒಂದು ಕಡಿಮೆ,
ನಂಬರಿನ ಮೂಲೆ ಪಟಪಟ.
ಬೇತ್ರಿಯವರೆಗೆ ಯಾರಿಗೂ ಮನಸ್ಸು ಬೇಕಿಲ್ಲ,
ಇಳಿಜಾರೇ ಓಡುತ್ತದೆ.
ಸೇತುವೆಯ ಕೆಳಗೆ ಕಾವೇರಿ ಮಂಜು ಹೊದ್ದು ಮಲಗಿದ್ದಳು.
ನನ್ನ ಪಕ್ಕ ಕುಶಾಲನಗರದ ಶಮೀನಾ.
ಅವಳ ಬಲ ಶೂ ಹೆಜ್ಜೆಗೊಮ್ಮೆ ಕೀಚ್ ಅನ್ನುತ್ತಿತ್ತು.
ಆ ಸದ್ದಿಗೆ ನನ್ನ ಉಸಿರು ಕಟ್ಟಿಕೊಂಡೆ,
ಎತ್ತಿನ ಬಾಲ ಹಿಡಿದು ಹೊಳೆ ದಾಟುವವರ ಹಾಗೆ.

ಕಾಕೋಟುಪರಂಬು ದಾಟಿದ ಮೇಲೆ ಮಾತು ಶುರು.
ಒಳಗಿರುವವಳು ಬಹಳ ಸಭ್ಯಳು, ಗದರುವುದಿಲ್ಲ.
'ಸಾಕಲ್ವಾ' ಅನ್ನುತ್ತಾಳೆ,
ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ದನಿಯಲ್ಲಿ.
'ಪಕ್ಕೆ ಹಿಡಿದಿದೆ. ಇದು ಸೋಲಲ್ಲ, ವಿವೇಕ.'
ಮಂದಪ್ಪ ಸರ್ ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ತೆಗೆದೆ.
ಹಲ್ಲು ಕಚ್ಚು. ಕಚ್ಚಿದರೆ ಉಸಿರು ಬರದು.
ಪದಕ ನೆನೆ. ನೆನೆದರೆ ಅದು ಶಮೀನಾಳ ಕೊರಳಲ್ಲಿತ್ತು.
ದೇಶ ನೆನೆ. ದೇಶ ಬಹಳ ದೊಡ್ಡದು, ಸರ್,
ನನಗೆ ಬೇಕಾದ್ದು ಅಗೋ ಆ ಸಿಲ್ವರ್ ಮರದಷ್ಟು.
ಆ ಮರದವರೆಗೆ. ಆಮೇಲೆ ನೋಡುವ.
ಮೆಣಸಿನ ಬಳ್ಳಿ ಸುತ್ತಿಕೊಂಡ ಮರ ಬಂತು, ಹೋಯಿತು.
ಇನ್ನೊಂದು. ಆಮೇಲೆ ನೋಡುವ.
ಬಾಕಿ ಕೇಳುವ ಅಂಗಡಿಯವನಿಗೆ ನಾಳೆ ನಾಳೆ ಅನ್ನುವ ಹಾಗೆ
ನನ್ನನ್ನು ನಾನೇ ಸಾಗಹಾಕುತ್ತ ಹೋದೆ.

ಪಲ್ಪರಿನ ಹುಳಿ ವಾಸನೆ ಬಂತು. ಏರು ಬಂತು.
ಅದೇ ಮೋರಿ.
ಪಾಚಿ ಕಟ್ಟಿದ ಕಲ್ಲು; ಕೂತರೆ ತಂಪು, ನನಗೆ ಗೊತ್ತು.
ಒಳಗಿನವಳು ಈಗ ಏನೂ ಅನ್ನಲಿಲ್ಲ,
ಬರೀ ಪಕ್ಕಕ್ಕೆ ಸರಿದು ಜಾಗ ಮಾಡಿದಳು.
ಆಗ ಕಣಕಾಲಿನ ಮೇಲೆ, ಬಲದ್ದೋ ಎಡದ್ದೋ,
ಎಣ್ಣೆಯ ಬಿಸಿ.

ಧೈರ್ಯ ಅಂತ ಅದನ್ನು ಕರೆಯಲಾರೆ.
ಇನ್ನೊಮ್ಮೆ ನಾಲ್ಕು ದಿನ ಕುಂಟಲು ನನ್ನಿಂದಾಗುತ್ತಿರಲಿಲ್ಲ.
ಓಡುವುದು ಅದಕ್ಕಿಂತ ಸುಲಭವಿತ್ತು.

ಕೀಚ್ ಸದ್ದು ಮುಂದೆ ಮುಂದೆ ಹೋಗಿ
ತಿರುವಿನಲ್ಲಿ ಕಳೆದುಹೋಯಿತು.
ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ಮೈಕಿನವನು ಮೂವರ ಹೆಸರು ಕೂಗಿ ನೀರು ಕುಡಿದ.
ನಾನು ನಾಲ್ಕನೆಯವಳು.
ನಾಲ್ಕಕ್ಕೆ ಒಂದು ಟವೆಲು, ಎರಡು ಬಾಳೆಹಣ್ಣು.

ಸಂಜೆ ಅವ್ವ ಕುಯ್ಲಿನಿಂದ ಬಂದವಳು
ಚೀಲ ಇಳಿಸುವ ಮೊದಲೇ ಕೇಳಿದಳು,
'ಯಾವ ಕಾಲು?'
'ಎರಡೂ' ಅಂದೆ.
ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ
ಪಕ್ಕದ ಮನೆಗೆ ಎಣ್ಣೆ ಕೇಳಲು ಹೋದಳು.