ಇಳಿಜಾರು ನೋಡಿ ನಿಲ್ಲಿಸುವುದು

ಗಂಜಿತಿಳಿಯ ಬಣ್ಣದ ಫಿಯೆಟ್ಟು.
ಬಿಜೈಯ ಮಾಧವ ಪಡಿಯಾರರು ಬೀಗದ ಕೈ ಕೊಟ್ಟು
ಮಾರಿದ ಎಮ್ಮೆಯ ಬೆನ್ನು ಸವರುವ ಹಾಗೆ
ಬಾನೆಟ್ಟು ಸವರಿದರು; ನನ್ನ ಮುಖ ನೋಡಲಿಲ್ಲ.
ಹದಿನಾಲ್ಕು ಸಾವಿರ. ಮೂರು ವರ್ಷ
ಹಂಪನಕಟ್ಟೆಯ ಮಹಡಿಯೊಂದರಲ್ಲಿ ಕೂತು
ಪುಟಕ್ಕೆ ಒಂದೂವರೆ ರೂಪಾಯಿಯಂತೆ
ಯಾರ್ಯಾರದೋ ಕ್ರಯಪತ್ರ, ಪಾಲುಪಟ್ಟಿ ಟೈಪು ಮಾಡಿ ಕೂಡಿಸಿದ್ದು.
'ಸದರಿ ಸ್ವತ್ತಿನ ಮೇಲೆ ಯಾವುದೇ ಋಣಭಾರ ಇರುವುದಿಲ್ಲ'
ಎಂದು ಸಾವಿರ ಸಲ ಬಡಿದ ಬೆರಳುಗಳು ನನ್ನವು.
ಕೊಳ್ಳುವವನೇ ಎಚ್ಚರ ವಹಿಸತಕ್ಕದ್ದು ಎಂಬ ಪಾಠ
ಲಾ ಕಾಲೇಜಿನಲ್ಲಿ ಬಂದದ್ದು ಮೂರು ವಾರ ಕಳೆದ ಮೇಲೆ.

ಹುಡುಗಿಗೆ ಕಾರು ಎಂತಕ್ಕೆ ಎಂದರು ಎಲ್ಲರೂ.
ಸ್ಟೇಟ್ ಬ್ಯಾಂಕಿನಿಂದ ಹೊರಡುವ ಸಂಜೆಯ ಬಸ್ಸಿನಲ್ಲಿ
ಬೆನ್ನಿಗೆ ತಾಗುವ ಕೈಗಳ ಲೆಕ್ಕ
ಅವರಿಗೆ ಹೇಳಲಿಲ್ಲ.
ಮಳೆಗೆ, ಎಂದೆ.

ಮಳೆ ಒಳಗೇ ಬಂತು.
ಕಾಲ ಬುಡದಲ್ಲಿ ತೂತು; ತೂತಿನೊಳಗೆ
ಕಂಕನಾಡಿಯ ರಸ್ತೆ ಕೆಂಪಾಗಿ ಹಿಂದಕ್ಕೆ ಓಡುತ್ತಿತ್ತು.
ವೈಪರಿಗೆ ಕಟ್ಟಿದ ಸುತಳಿಯ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ನಫೀಸಾಳ ಕೈಯಲ್ಲಿ.
ನಾನೆಳೆದರೆ ಇತ್ತ, ಅವಳೆಳೆದರೆ ಅತ್ತ.
ನಗು ಬಂದರೆ ಲೋಕವೇ ಮಸುಕು.

ಜೆಪ್ಪಿನ ಲ್ಯಾನ್ಸಿ ಪೊರ್ಬು ಅಡಿಯಿಂದ ಜಾರಿ ಹೊರಬಂದು
ಎಣ್ಣೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಹೇಳಿದ:
"ಇದಕ್ಕೆ ಸ್ಪಾನರು ಸಾಕಾಗುವುದಿಲ್ಲ ಬಾಯೆ,
ಒಂಬತ್ತು ದಿನದ ನೊವೆನಾ ಬೇಕು."
ಸೆಲ್ಫ್ ಎತ್ತುವುದಿಲ್ಲ. ಬ್ಯಾಟರಿಗೆ ದುಡ್ಡಿಲ್ಲ.
"ಇಳಿಜಾರು ನೋಡಿ ನಿಲ್ಲಿಸು. ಮೂತಿ ಕೆಳಗೆ. ಅಷ್ಟೇ."

ಹಾಗೆ ನನಗೆ ಈ ಊರು ಗೊತ್ತಾದದ್ದು.
ಸಪಾಟು ಎಂದುಕೊಂಡು ನಾವು ನಡೆದಾಡುವ ಬೀದಿಗಳೆಲ್ಲ
ಯಾವುದೋ ಒಂದು ಕಡೆಗೆ ವಾಲಿವೆ ಎಂದು.
ಜೈಲ್ ರೋಡಿಗೆ ಒಂದು ಇಳಿತ, ಬಲ್ಮಠಕ್ಕೆ ಎರಡು,
ಬಾವುಟಗುಡ್ಡೆಯ ಲೈಬ್ರರಿಯೆದುರು ಸುಮ್ಮನೆ ಬ್ರೇಕು ಬಿಟ್ಟರೂ
ಕೆಳಗೆ ಹಂಪನಕಟ್ಟೆ ಮುಟ್ಟುವಷ್ಟರಲ್ಲಿ ಇಂಜಿನಿಗೆ ಜೀವ.
ಉರ್ವಾ ಮಾರ್ಕೆಟ್ಟು ನಿಷಿದ್ಧ; ಅಲ್ಲಿ ನೆಲ ಮಟ್ಟ.
ಸಿನೆಮಾ, ಗೆಳತಿಯ ಮದುವೆ, ಸಾಲ ಕೇಳುವ ಮನೆ
ಎಲ್ಲವನ್ನೂ ಇಳಿಜಾರು ನೋಡಿಯೇ ಆರಿಸಿದ್ದು.

ಇಳಿಜಾರು ಸಿಗದಲ್ಲಿ ಅವಿಲ್ ಇದ್ದ.
ಅವಿಲ್ ಕುಟಿನ್ಹಾ. ಮೂರನೇ ಬೆಂಚು, ತೊದಲು ಮಾತು.
ಬಿಳಿ ಅಂಗಿಯ ತೋಳು ಮಡಚಿ
ಡಿಕ್ಕಿಗೆ ಎರಡೂ ಅಂಗೈ ಊರಿ
"ಸೆಕೆಂಡಿಗೆ ಹಾಕು, ಕ್ಲಚ್ಚು ಬಿಡಬೇಡ, ಬಿಡಬೇಡ, ಹಾಂ, ಈಗ ಬಿಡು!"
ಅದೊಂದು ವಾಕ್ಯ ಮಾತ್ರ ಅವನಿಗೆ ತೊದಲುತ್ತಿರಲಿಲ್ಲ.

ಇಂಜಿನು ಹಿಡಿದರೆ ನಿಲ್ಲಿಸುವ ಹಾಗಿಲ್ಲ,
ನಿಲ್ಲಿಸಿದರೆ ಮತ್ತೆ ಮೊದಲಿನಿಂದ.
ನಫೀಸಾ ಹಿಂದಿನ ಬಾಗಿಲು ತೆರೆದು ಹಿಡಿದು
"ಓಡು ಮಾರಾಯ" ಎಂದು ಕೂಗುವಳು.
ಅವನು ಓಡುವನು. ಒಮ್ಮೆಯೂ ತಲುಪಲಿಲ್ಲ.
ಕನ್ನಡಿಯ ಸ್ಕ್ರೂ ಸಡಿಲ. ಅದರೊಳಗೆ ಅವನು
ನಂತೂರಿನ ಧೂಳಿನಲ್ಲಿ ನಡುಗುತ್ತ, ಚಿಕ್ಕದಾಗುತ್ತ,
ಸೊಂಟಕ್ಕೆ ಕೈಯಿಟ್ಟು ನಗುತ್ತ.
ಆಮೇಲೆ ಹದಿನೈದು ನಂಬರಿನ ಬಸ್ಸು ಹಿಡಿದು ಹೋಗುತ್ತಿದ್ದನಂತೆ.

ಎರಡು ವರ್ಷ.
ಅಷ್ಟು ದೂರ ಆ ಕಾರನ್ನು ದೂಡಿದವನು
ಅದರ ಸೀಟಿನಲ್ಲಿ ಒಂದು ದಿನವೂ ಕೂತಿಲ್ಲ
ಎಂಬುದು ಹೊಳೆದದ್ದು ಮಾರಿದ ದಿನ.
ಬಂದರಿನಿಂದ ಗುಜರಿಯವನು ಬಂದಿದ್ದ.
ಮೂರು ಸಾವಿರದ ನೂರು, ಟಯರು ಸೇರಿ.
ಲಾರಿಗೆ ಏರಿಸುವಾಗ ಕಂಡಿತು, ಡಿಕ್ಕಿಯ ಧೂಳಿನಲ್ಲಿ
ಎರಡು ಅಂಗೈ, ಹತ್ತೂ ಬೆರಳು,
ಸಾಕ್ಷಿ ಹಾಕಿದ ಹಾಗೆ.
ರಶೀದಿ ಬರೆಯುತ್ತಾ, ಕೈಯ ಅಭ್ಯಾಸದಿಂದ
'ಯಾವುದೇ ಋಣಭಾರ' ಎಂಬಲ್ಲಿಯವರೆಗೆ ಬಂದೆ.
ಪೆನ್ನು ಮುಂದೆ ಹೋಗಲಿಲ್ಲ.
ಗುಜರಿಯವನು "ಸಾಕು, ಸಹಿ ಹಾಕಿ" ಎಂದ.

ಈಗಿನದು ಗುಂಡಿ ಒತ್ತಿದರೆ ಹೊರಡುವ ಗಾಡಿ.
ಕೋರ್ಟಿನ ಹಿಂದೆ ಮಟ್ಟಸ ಜಾಗ ಬೇಕಷ್ಟುಂಟು.
ನಾನು ಗುಡ್ಡದ ಬದಿಗೇ ನಿಲ್ಲಿಸುತ್ತೇನೆ, ಮೂತಿ ಕೆಳಗೆ.
ವಾಚ್‌ಮನ್ ಸೇಸಪ್ಪನಿಗೆ ದಿನಾ ಅದೇ ರಗಳೆ:
"ಅಲ್ಲಿ ಎಂತಕ್ಕೆ ಮೇಡಂ, ಜಾರಿ ಹೋದರೆ?"